ಇಂಚಿಗೆ ಐದು

ಕೌಲ್ ಬಜಾರಿನ ಮೂರನೇ ಗಲ್ಲಿಯಲ್ಲಿ
ಹದಿನಾಲ್ಕು ಮಷೀನು, ಒಂದು ಫ್ಯಾನು.
ಎರ್ರಿಸ್ವಾಮಿ ಗೋಡೆಗೆ ಕರೀ ಹಲಗೆ ಹೊಡೆಸಿದ ದಿನ
ಬೆರಳಿನ ನೀಲಿ ಸೆರಗಿಗೆ ಒರೆಸಿಕೊಂಡು
ನಮ್ಮ ನಮ್ಮ ಹೆಸರು ಹುಡುಕಿದೆವು.
ಹೆಸರಿನ ಮುಂದೆ ಖಾಲಿ ಚೌಕ.
"ತಿಂಗಳಿಗೆ ಯಾರು ಹೆಚ್ಚು ಪೀಸು ತೆಗೀತಾರೋ
ಅವ್ರಿಗೆ ಐದು ಲೀಟರಿನ ಕುಕ್ಕರು,
ಮ್ಯಾಲೆ ಸಾವಿರ ರೂಪಾಯಿ" ಅಂದ.
ಚಪ್ಪಾಳೆ ಮೊದಲು ತಟ್ಟಿದವಳು ನಾನೇ.

ಅಲ್ಲಿಯ ತನಕ
ದಾರ ತುಂಡಾದರೆ ಪಕ್ಕದವರು ಪೋಣಿಸುತ್ತಿದ್ದರು.
ಮಾಬುನ್ನಿಗೆ ಕಣ್ಣು ಮಂಜು,
ಅವಳ ಸೂಜಿಗೆಂದು ದಿನಕ್ಕೆ ಹತ್ತು ಸಲ ಏಳುತ್ತಿದ್ದೆ.
ಹಲಗೆ ಬಂದ ಮೇಲೆ ಲೆಕ್ಕ ಹಾಕಿದೆ:
ಒಂದು ಸಲ ಎದ್ದರೆ ಅರ್ಧ ಪ್ಯಾಂಟು.
ಮಾಬುನ್ನಿ ಕರೆದಳು.
ಮಷೀನಿನ ಸದ್ದಿಗೆ ಕೇಳಿಸಲಿಲ್ಲ.
ಕೇಳಿಸಿತ್ತು.

ನೀರು ಕುಡಿಯುವುದು ಬಿಟ್ಟೆ,
ಕುಡಿದರೆ ಮತ್ತೆ ಏಳಬೇಕಲ್ಲ.
ತಿಪ್ಪೇಶಿ ಬೆಳಿಗ್ಗೆ ಏಳಕ್ಕೇ ಬಂದು
ಸಲೀಸಾದ ಬಂಡಲುಗಳನ್ನು ಸ್ಟೂಲಿನ ಕೆಳಗೆ ಬಚ್ಚಿಟ್ಟ.
ಜೇಬು, ಜಿಪ್ಪು, ಬೆಲ್ಟಿನ ಕುಣಿಕೆ, ಕಿರಿಕಿರಿಯದೆಲ್ಲ
ಜಗಳಾಡಲು ಬಾರದ ಮಾಬುನ್ನಿಯ ಕಡೆ ಜಾರಿತು.
ನಾನು ಪಕ್ಕದ ಹೊಲಿಗೆಯವಳು.
ಮಷೀನಿನ ತಿರುಪು ಒಂಚೂರು ತಿರುವಿದೆ.
ಇಂಚಿಗೆ ಎಂಟು ಬೀಳುತ್ತಿದ್ದದ್ದು ಐದಾಯಿತು,
ಬಟ್ಟೆ ಕಾಲುವೆ ನೀರಿನ ಹಾಗೆ ಓಡಿತು.
ಹಂಗ ಮಾಡು ಅಂತ ಯಾರೂ ಹೇಳಿರಲಿಲ್ಲ.
ಮಾಡಬ್ಯಾಡ ಅಂತಲೂ.
ಹಲಗೆಗೆ ಎಣಿಸಲು ಬರುತ್ತಿತ್ತು,
ಜಗ್ಗಿ ನೋಡಲು ಬರುತ್ತಿರಲಿಲ್ಲ.

ಕುಕ್ಕರು ನನಗೇ ಬಂತು.
ಫೋಟೋ ತೆಗೆದರು. ಮಾಬುನ್ನಿಯೂ ನಕ್ಕಳು,
ಹಲಗೆಯಲ್ಲಿ ಅವಳದು ಕೊನೆಯ ಸಾಲು.
ಮನೆಯಲ್ಲಿ ಅದು ಕೂಗಿದಾಗೆಲ್ಲ
ಒಂದು, ಎರಡು, ಮೂರು
ಅಂತ ನನ್ನ ತುಟಿ ತಾನೇ ಆಡುತ್ತದೆ.
ಮಗಳು ಕನಕಾಂಬರ ಕಟ್ಟುತ್ತಾ ಕೂತಿದ್ದಳು,
"ಮೊಳಕ್ಕೆ ಎಷ್ಟು ನಿಮಿಷ ಆಗ್ತದೆ?" ಅಂದೆ.
ಕಟ್ಟುವುದು ನಿಲ್ಲಿಸಿ ನನ್ನ ಮುಖ ನೋಡಿದಳು.

ಮೊನ್ನೆ ಮೋತಿ ಸರ್ಕಲಿನಲ್ಲಿ
ಸಿರುಗುಪ್ಪದ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಕಾಲೇಜು ಹುಡುಗ.
ಅವನ ತೊಡೆಯ ಪಕ್ಕ ಒಂದು ಗೇಣು
ಹೊಲಿಗೆ ಬಿಟ್ಟು ಬಾಯ್ದೆರೆದಿತ್ತು.
ಕಿತ್ತಳೆ ದಾರ ಗಾಳಿಗೆ ಅಲ್ಲಾಡುತ್ತಿತ್ತು.
ಉಳಿದದ್ದನ್ನು ನಿಂತಲ್ಲೇ ಎಣಿಸಿದೆ.
ಇಂಚಿಗೆ ಐದು.

ಜಿಪ್ಪಿನ ಪಟ್ಟಿ ಮಾತ್ರ ಗಟ್ಟಿ.
ಎರಡೆಳೆಯ ಬಾಗು, ಗೆರೆ ಎಳೆದಂತೆ,
ಮೂಲೆಯಲ್ಲಿ ಮಾಬುನ್ನಿ ಮಾತ್ರ ಹಾಕುವ ಮೂರನೇ ಗಂಟು.
ಅದನ್ನೇ ನೋಡುತ್ತ ನಿಂತುಬಿಟ್ಟೆ.
ಹುಡುಗ ಕೆಂಪಾಗಿ
ಬ್ಯಾಗು ಮುಂದೆ ಹಿಡಿದುಕೊಂಡ.
"ಹಂಗಲ್ಲಪ್ಪಾ, ಸೂಜಿ ದಾರ ಐತಿ ನನ್ನ ಹತ್ರ" ಅನ್ನುವಷ್ಟರಲ್ಲಿ
ಬಸ್ಸು ಅವನನ್ನು ಎತ್ತಿಕೊಂಡು ಹೋಯಿತು.

ಮಾಬುನ್ನಿಗೆ ಇದನ್ನು ಹೇಳಬೇಕು.
ಹೊಟ್ಟೆ ಹಿಡಿದು ನಗುತ್ತಾಳೆ, ಆಮೇಲೆ ಸುಮ್ಮನಾಗುತ್ತಾಳೆ.
ಹೇಳಬೇಕಾದರೆ ಏಳಬೇಕು.
ಹಲಗೆಯ ಮೇಲೆ ಈ ತಿಂಗಳದ್ದು ಬರೆದಿದ್ದಾರೆ:
ಮಿಕ್ಸಿ.