ಓರಗಿತ್ತಿ

ಶನಿವಾರಸಂತೆಯಲ್ಲಿ, ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆ.
ಒಂದು ಮೂಲೆಗೆ ಅಮ್ಮನ ಹೊಲಿಗೆ ಮಿಶನ್ನು,
ಇನ್ನೊಂದಕ್ಕೆ, ಮುಚ್ಚಿಹೋದ ಟ್ಯೂಷನ್ ಸೆಂಟರಿನಿಂದ
ಎರಡೂವರೆ ಸಾವಿರಕ್ಕೆ ತಂದ ನನ್ನ ಕಂಪ್ಯೂಟರು.
ಕೊಡ್ಲಿಪೇಟೆಯ ಕೊನೆಯ ಬಸ್ಸು ಹೋದ ಮೇಲೆ
ಅವಳಿಗೆ ರವಿಕೆ, ನನಗೆ ಪಾತಾಳ.

ಐದು ಭಾಗದ ಆಟ.
ಮೊದಲನೆಯದರಲ್ಲಿ ಬೂದಿಸೀಮೆ:
ಅಲ್ಲಿನ ಗಂಟೆಗಳಿಗೆ ನಾಲಿಗೆಯಿಲ್ಲ,
ಊರವರು ಹೊತ್ತು ತಿಳಿಯುವುದು ಹಲ್ಲುನೋವಿನಿಂದ.
ಆಳುವವನು ತೆಲ್‌ಗ್ರಾನ್; ಸತ್ತವರ ಹಲ್ಲೆಣಿಸಿ
ಕಂದಾಯದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ.
ಎರಡನೆಯದರಲ್ಲಿ ಕೆರೆಯ ಅಡಿಗೊಂದು ಕೆರೆ,
ಅವಳಿ ಕುರುಡರಿಗೆ ಒಂದೇ ಮೇಣದ ಬತ್ತಿಗಾಗಿ
ಮುನ್ನೂರು ವರ್ಷದ ಜಗಳ.
"ಕುರುಡರಿಗ್ಯಾಕೋ ಬತ್ತಿ?" ಅಂದಳು ಅಮ್ಮ, ದಾರ ಕಚ್ಚಿ.
"ಬಿಸಿಗೆ," ಅಂದೆ.
ಆಟದೊಳಗೆ ಗೋಡೆಸಂದಿಯಲ್ಲಿ ಸಿಗುವ ಹಾಳೆಗಳನ್ನೆಲ್ಲ
ಡಿಕ್ಷನರಿ ಹಿಡಿದು ಕನ್ನಡಕ್ಕಿಳಿಸಿ
ಕೆಟ್ಟ ಜೆರಾಕ್ಸುಗಳ ಬೆನ್ನ ಮೇಲೆ ಬರೆದಿಟ್ಟಿದ್ದೇನೆ:
ಯಾರದೋ ಪಹಣಿಯ ಹಿಂದೆ ಯಾರದೋ ನರಕ.

ಮೂರನೆಯ ಸೀಮೆಗೆ ಹೆಸರಿಲ್ಲ.
ನಕ್ಷೆಯಲ್ಲಿ ಮಸಿ ಚೆಲ್ಲಿದ ಜಾಗ.
ಹೊಕ್ಕರೆ ತೆರೆಯ ಮೂಲೆಯಿಂದ ನಿನ್ನ ಹೆಸರೂ ಅಳಿಯುತ್ತದೆ.
ಅದರ ರಾಣಿ ವೋರ್ಗಿತಾ.
ಏಳು ಸಲ ಸತ್ತೆ ಅವಳ ಕೈಲಿ, ಹೆಸರು ಹಿಡಿದು ಬೈದೆ.
ಮಿಶನ್ನು ನಿಂತಿತು.
"ರಾತ್ರಿಯೆಲ್ಲ ಹೊಡೆದಾಡ್ತೀಯಲ್ಲ,
ಯಾರ ಓರಗಿತ್ತಿಯೋ ಅವಳು?"

ನಕ್ಕು ನಕ್ಕು ಎಂಟನೆಯ ಸಲ ಸತ್ತೆ.
ಕನ್ನಡಕ ಏರಿಸಿ ಅಮ್ಮ ತೆರೆಯ ಹತ್ತಿರ ಬಂದು
ಕತ್ತಲ ರಾಣಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು:
"ಹೆಗಲು ಇಳಿದಿದೆ. ಇಷ್ಟೊಂದು ಕರಿ ಬಟ್ಟೆ ಕೊಟ್ಟು
ತೋಳು ಹೀಗಾ ಕೂರಿಸೋದು?"

ನಾಲ್ಕನೆಯ ಭಾಗ ಮಾಗಿಯಲ್ಲಿ ಬಂತು. ಶುಂಠಿ ಕೀಳುವ ಕಾಲ;
ರಸ್ತೆಯುದ್ದಕ್ಕೂ ಮೂಟೆಗಳ ಹಸಿ ಘಾಟು.
ಖಳರಿಗೆ ಹಿಂದಿನ ಕತೆ ಸಿಗುವುದು ಯಾವಾಗಲೂ ನಾಲ್ಕರಲ್ಲಿ.
ಅಷ್ಟರಲ್ಲಿ ನಾವು ಅವರನ್ನು ಮೂರು ಸಲ ಕೊಂದಿರುತ್ತೇವೆ.
ಬಾವಿಯ ಕಲ್ಲಿನಡಿ ಒಂದು ಹಾಳೆ ಸಿಕ್ಕಿತು. ಓದಿ ಹೇಳಿದೆ:
ವೋರ್ಗಿತಾ ರಾಣಿಯಲ್ಲ, ರಾಜನ ತಮ್ಮನ ಹೆಂಡತಿ.
ಪಾಲಾದ ವರ್ಷ, ಮಗು ಕೆಮ್ಮುತ್ತಿದ್ದ ಇರುಳು
ದೊಡ್ಡಮನೆಗೆ ಬಂದು ದೀಪ ಕೇಳಿದಳು.
ಬಾಗಿಲು ತೆರೆಯಲಿಲ್ಲ.
ಬರಿಗೈಲಿ ತಿರುಗಿದವಳು ನಡೆದಷ್ಟು ದೂರವೂ
ಸೀಮೆ ಕಪ್ಪಾಗುತ್ತ ಹೋಯಿತು.

"ನೋಡು, ನೀ ಹೇಳಿದ್ದೇ ನಿಜ! ಓರಗಿತ್ತಿಯೇ!"
ಅಮ್ಮ ನಗಲಿಲ್ಲ.
ಸೂಜಿಗೆ ದಾರ ಪೋಣಿಸುತ್ತಿದ್ದಳು; ಮೂರು ಸಲ ತಪ್ಪಿತು.
"ಒಳಗಿಂದ ಅಗಳಿ ಹಾಕಿದ್ದು ಯಾರು?
ಅದನ್ನ ಬರೆದಿದಾರಾ?"
ಹುಡುಕಿದೆ. ಇಲ್ಲ.
"ಬರೆಯಲ್ಲ," ಅಂದಳು.
ಆಮೇಲೆ, ಮಿಶನ್ನಿಗೆ ಹೇಳುವ ಹಾಗೆ ತಲೆ ಬಗ್ಗಿಸಿ:
"ತಾಯಮ್ಮ ಸೀಮೆಎಣ್ಣೆ ಕೇಳ್ಕೊಂಡು ಬಂದಿದ್ಲು.
ಡಬ್ಬ ತುಂಬಿತ್ತು.
ನಾನು ನಿದ್ದೆ ಹೋದವಳ ಹಾಗೆ ಉಸಿರಾಡಿದೆ."

ತಾಯಮ್ಮ. ಗೌಡಳ್ಳಿಯ ಚಿಕ್ಕಮ್ಮ.
ಇಪ್ಪತ್ತು ವರ್ಷ ನಮ್ಮನೆಯಲ್ಲಿ ಯಾರೂ ಎತ್ತದ ಹೆಸರು.
ಯಾವುದೋ ಮದುವೆಯಲ್ಲಿ ಅವಳು ಬಡಿಸಿದಳೆಂದು
ಎಲೆ ಬಿಟ್ಟು ಎದ್ದಿದ್ದೆ ನಾನು, ಆರನೇ ಕ್ಲಾಸಿನವನು.
ಡಿಕ್ಷನರಿಯಿಲ್ಲದೆ ಕಲಿತ ಸೀಮೆ ಅದು.

ಕರೆಂಟು ಹೋಯಿತು. ಯುಪಿಎಸ್ ಕಿರುಗುಟ್ಟಿತು.
ತೆರೆಯ ಮೇಲೆ ರಾಣಿ ಕತ್ತಿಯೂರಿ ಮಂಡಿಗೆ ಬಿದ್ದಿದ್ದಾಳೆ,
ಒಂದು ಗುಂಡಿ ಒತ್ತಿದರೆ ಮುಗಿಯಿತು.
ಒತ್ತುವ ಮೊದಲೇ ಬ್ಯಾಟರಿ ಸತ್ತಿತು.
ಒತ್ತುತ್ತಿರಲಿಲ್ಲ ಅನ್ನಲಾರೆ.

ಬುಧವಾರ ಮೇಜಿನ ಮೇಲೆ ಗಿಣಿಹಸಿರು ರವಿಕೆಯೊಂದು,
ಅಳತೆ ಪುಸ್ತಕದಲ್ಲಿ ಅದರ ಲೆಕ್ಕವಿಲ್ಲ.
ಯಾರದೆಂದು ನಾನು ಕೇಳಲಿಲ್ಲ.
ಅವಳೇ, ಗುಂಡಿ ಹೊಲಿಯುತ್ತ:
"ಅಂದಾಜಿಗೆ ಕತ್ತರಿಸಿದೀನಿ. ಮೈ ಈಗ ಹೇಗಾಗಿದೆಯೋ.
ಇರ್ಲಿ ಅಂತ ಬದಿಗೆ ಎರಡಿಂಚು ಒಳಗೇ ಬಿಟ್ಟಿದೀನಿ."