ಬೀಳಲಿಲ್ಲ

ನಸುಕಿನ ನಾಲ್ಕು. ಠಾಣೆಯ ಬಾಗಿಲಿಗೆ ಹೆಗಲು ಕೊಟ್ಟು
ಹೊರಬಂದಾಗ ಮೊದಲ ಕೆಲಸ ಆಕಾಶ ನೋಡುವುದಲ್ಲ,
ಕಾಲಿಡುವುದು.
ಕರಕ್ ಎಂದರೆ ರಾತ್ರಿ ತನ್ನ ಪಾಲಿನ ಕೆಲಸ ಮುಗಿಸಿದೆ.
ಇವತ್ತು ಪಸಕ್ ಎಂದಿತು.

ಇಡೀ ರಾತ್ರಿ ಮೋಡ ಬೆಟ್ಟಕ್ಕೆ ಕಂಬಳಿ ಹೊದಿಸಿತ್ತು,
ನಿನ್ನೆಯ ಬಿಸಿ ಎಲ್ಲೂ ಹೋಗಿಲ್ಲ.
ಏಪ್ರಿಲ್ ಹತ್ತೊಂಬತ್ತು, ಸೊನ್ನೆಗಿಂತ ಅರ್ಧ ಡಿಗ್ರಿ ಮೇಲೆ,
ಪೆನ್ಸಿಲ್ಲಿನಲ್ಲಿ ಬರೆದೆ.

ತುಯುಕ್ ಇಳಿಜಾರಿನ ಮಗ್ಗುಲಲ್ಲೇ ಒಂದು ಸಣ್ಣ ದಿಬ್ಬ:
ಅದೇ ಬಿಸಿಲು, ಅದೇ ಗಾಳಿ, ಅದೇ ಮೂಡಣ ಮುಖ,
ಬಿದ್ದರೆ ಮಾತ್ರ ಸೊಂಟದವರೆಗೆ.
ಅಲ್ಲಿ ಎದೆಯುದ್ದ ಗುಂಡಿ ತೋಡಿದೆ.
ಗೋಡೆಯನ್ನು ಕುಂಚದಿಂದ ಸವರಿದರೆ
ಚಳಿಗಾಲ ಪದರ ಪದರವಾಗಿ ಎದ್ದು ನಿಲ್ಲುತ್ತದೆ.
ಮೇಲೆ ಮೊನ್ನೆಯದು, ನೆನೆದ ಅವಲಕ್ಕಿ.
ಅದರಡಿ ಮಾರ್ಚಿನ ಗಾಳಿ ತಟ್ಟಿ ಮಾಡಿದ ಹಲಗೆ,
ಬೆರಳು ಹೋಗದು, ಪೆನ್ಸಿಲ್ ಹೋಗುತ್ತದೆ.
ನಡುವೆ ಒಂದು ಕಂದು ಗೆರೆ, ಯಾವುದೋ ಮರುಭೂಮಿ
ಒಂದು ಮಧ್ಯಾಹ್ನ ಹಾದುಹೋದ ಗುರುತು.
ಎಲ್ಲಕ್ಕಿಂತ ಕೆಳಗೆ, ನೆಲಕ್ಕೆ ತಾಗಿ,
ನವೆಂಬರ್.

ಹಿಡಿದರೆ ಉಂಡೆಯಾಗದ ನವೆಂಬರ್,
ಕೈಗವಸಿನಿಂದ ರವೆಯಂತೆ ಸುರಿಯುತ್ತದೆ.
ಭೂತಗನ್ನಡಿಯಲ್ಲಿ ಬಟ್ಟಲು ಬಟ್ಟಲು ಹರಳು,
ಐದು ತಿಂಗಳು ಅಷ್ಟೂ ಭಾರ ಹೊತ್ತು
ಒಂದಕ್ಕೊಂದು ಅಂಟಿಕೊಳ್ಳಲು ಒಪ್ಪದ ಹರಳು.
ಈಗ ನೀರು ಅಲ್ಲಿಗೂ ಇಳಿಯುತ್ತಿದೆ.

ಗರಗಸದಿಂದ ಕಂಬ ಕೊಯ್ದೆ. ಮೇಲೆ ಸಲಿಕೆಯಿಟ್ಟು
ಮಣಿಕಟ್ಟಿನಿಂದ ಹತ್ತು ಏಟು. ಸುಮ್ಮನಿತ್ತು.
ಮೊಣಕೈಯಿಂದ ಹನ್ನೊಂದು, ಹನ್ನೆರಡು,
ಹದಿಮೂರಕ್ಕೆ
ಇಡೀ ಕಂಬ ಮೇಜಿನ ಡ್ರಾಯರಿನಂತೆ ಸಲೀಸಾಗಿ
ನನ್ನ ಮಡಿಲಿಗೆ ಬಂತು.
ನರಿನ್ ಕಚೇರಿಗೆ ರೇಡಿಯೋದಲ್ಲಿ ಹೇಳಿದೆ: ದಾರಿ ಮುಚ್ಚಿ.

ಅಷ್ಟರಲ್ಲಿ ಶೆರ್ಗಾಜಿ ಬಂದ, ಹಿಂದೆ ಮೂವತ್ತೊಂದು ಕುದುರೆ,
ಬಾಯಲ್ಲಿ ಒಣ ಏಪ್ರಿಕಾಟು.
ಆಚೆ ಕಣಿವೆಯಲ್ಲಿ ಹುಲ್ಲು ಚಿಗುರಿದೆಯಂತೆ,
ಈಚೆ ಬಣವೆ ನೆಲ ಮುಟ್ಟಿದೆಯಂತೆ.
"ಇಸ್ತ್ರಿ ಹಾಕಿದ ಹಾಗಿದೆ ನೋಡು, ಬುರ್ಮಕಾನ್."
ಮೇಲೆ ತಳುಕು, ಒಳಗೆ ಹುಳುಕು, ಅಂದೆ.
"ನಮ್ಮಪ್ಪ ಈ ತಿಂಗಳಲ್ಲೇ ದಾಟುತ್ತಿದ್ದ."
ನಿಮ್ಮಪ್ಪ ದಾಟಿದ ದಿನಗಳನ್ನಷ್ಟೇ ಹೇಳುತ್ತಿದ್ದ, ಅಂದೆ.
ಗುಂಡಿಯ ಪಕ್ಕ ಬೀಜ ಉಗಿದ.
ಅದು ಸದ್ದಿಲ್ಲದೆ ಹಿಮದೊಳಗೆ ಇಳಿಯಿತು.
ಇಬ್ಬರೂ ಆ ತೂತನ್ನೇ ನೋಡಿದೆವು.

ಠಾಣೆಯ ಗೋಡೆಗೆ ಒರಗಿ ಕೂತ,
ನನ್ನ ಉಪ್ಪುಚಹಾ ಕುಡಿದ, ನನ್ನ ಮೇಲೇ ಗೊಣಗಿದ.
ಹತ್ತಕ್ಕೆ ಮೋಡ ಹರಿದು ಬಿಸಿಲು ಬಿತ್ತು. ಹನ್ನೊಂದಕ್ಕೆ
ಬಂಡೆಗಳ ಬುಡದಿಂದ ಹಿಮ ಸುರುಳಿ ಸುತ್ತಿಕೊಂಡು
ಚಕ್ರವಾಗಿ ಉರುಳಿ, ಅರ್ಧದಲ್ಲಿ ನಿಂತಿತು.
ಒಂದಕ್ಕೆ, ಎರಡಕ್ಕೆ, ಮೂರಕ್ಕೆ
ನಾನು ಇಳಿಜಾರನ್ನೇ ನೋಡುತ್ತಿದ್ದೆ,
ಅವನು ನನ್ನನ್ನು.
ಹೇಳಬಾರದು, ಆದರೂ,
ಒಂದು ಗಳಿಗೆ, ಬೀಳಲಿ ಅಂತ ಬಯಸಿದೆ.

ಎರಡು ರಾತ್ರಿ ಕಳೆದು ಆಕಾಶ ತೆರವಾಯಿತು, ಚಳಿ ಕೊರೆಯಿತು.
ನಾಲ್ಕಕ್ಕೆ ಕಾಲಿಟ್ಟೆ: ಕರಕ್.
ಗೊರಸು ಹೂಳದಷ್ಟು ಗಟ್ಟಿ.
ಒಂದೊಂದಾಗಿ, ಅಂತರ ಬಿಟ್ಟು, ಬಿಸಿಲಿಗೆ ಮೊದಲು, ಎಂದೆ.
ಆಚೆ ಅಂಚಿನವರೆಗೆ ಮೂವತ್ತೊಂದನ್ನೂ ಎಣಿಸಿದೆ.
ಕೊನೆಗೆ ಅವನು. ತಿರುಗಿ ನೋಡಲಿಲ್ಲ,
ನೋಡಬೇಡ ಎಂದವಳೂ ನಾನೇ.

ಇಳಿಜಾರು ಆಮೇಲೂ ಜಾರಲಿಲ್ಲ, ನಿಂತಲ್ಲೇ ಕರಗಿತು.
ಪುಸ್ತಕದ ಕೊನೆಯ ಕಲಂನಲ್ಲಿ ಹತ್ತೊಂಬತ್ತರ ಎದುರು
"ಬೀಳಲಿಲ್ಲ" ಎಂದಿದೆ, ನನ್ನದೇ ಅಕ್ಷರ.
"ಬೀಳುತ್ತಿರಲಿಲ್ಲ" ಎಂದು ಬರೆಯಬೇಕಿದ್ದರೆ
ಎರಡೇ ಅಕ್ಷರ ಹೆಚ್ಚು.
ಅದನ್ನು ತಿಳಿಯಲು ಮಾತ್ರ
ಅವತ್ತೇ ಅಟ್ಟಬೇಕಿತ್ತು ಅಷ್ಟೂ ಕುದುರೆಗಳನ್ನು.

ಜೂನಿನಲ್ಲಿ ಕಾಡೀರುಳ್ಳಿ ಕೀಳಲು ದಿಬ್ಬಕ್ಕೆ ಹೋದೆ.
ನವೆಂಬರ್ ಇದ್ದ ಜಾಗದಲ್ಲಿ, ಒದ್ದೆ ನೆಲದ ಮೇಲೆ,
ಏಪ್ರಿಕಾಟಿನ ಬೀಜ.