ಒಂದು ಸ್ಕ್ರೂ ಕಡಿಮೆ

ಎಳೆದರೆ ಬರುವುದಿಲ್ಲ ಹಳೆಯ ರೇಡಿಯೋ.
ಅದಕ್ಕೆಂದೇ ಎರಡು ತಗಡಿನ ಕೀಲಿಗಳಿರುತ್ತವೆ,
ಎಡಕ್ಕೊಂದು ಬಲಕ್ಕೊಂದು ತೂರಿಸಿ
ಕಟಕ್ ಅನ್ನುವವರೆಗೆ ಒತ್ತಬೇಕು.
ನನ್ನ ಬಳಿ ಅವಿಲ್ಲ.
ಬೆಣ್ಣೆ ಸವರುವ ಚಾಕು ಎರಡಿವೆ.

ಹುಸುಮ್ ಬಂದರಿನಾಚೆ, ಕಡಲ ಏರಿಯ ಮಗ್ಗುಲಲ್ಲಿ
ಇಳಿತದ ಬೆಳಗು.
ದೋಣಿಗಳು ಕೆಸರಲ್ಲಿ ಹೊಟ್ಟೆಯೂರಿ ಕೂತಿವೆ,
ಏರಿಯ ಮೇಲೆ ಕುರಿಗಳು, ಗಾಳಿಗೆ ಬೆನ್ನು.
ನಾನು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ,
ಪಕ್ಕದ ಮನೆಯ ಮೊಮ್ಮೆ ಟಾರ್ಚು ಹಿಡಿದು ಮೇಲೆ.
ಹದಿನೇಳು ಅವನಿಗೆ.
ಟಾರ್ಚು ಹಿಡಿದವರೆಲ್ಲ ಮಾಡುವಂತೆ
ತಾನು ನೋಡುವ ಕಡೆ ಬೆಳಕು ಬಿಡುತ್ತಾನೆ,
ನಾನು ನೋಡುವ ಕಡೆ ಅಲ್ಲ.

ವ್ಯಾನಿಗೆ ಇಪ್ಪತ್ತೆಂಟು ವರ್ಷ,
ಗ್ರೋನಿಂಗನ್ನಿನ ಡಚ್ಚನೊಬ್ಬನಿಂದ ಕೊಂಡದ್ದು.
ಹೊಸ ಪೆಟ್ಟಿಗೆಯ ಬೆಲೆ ಕೇಳಿ
ಮೀನಂಗಡಿಯ ಫ್ರೌಕೆ ನಕ್ಕಳು:
ಮೂಗಿಗಿಂತ ಮೂಗುತಿ ಭಾರ.
ಇರಲಿ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ್ದೇನೆ,
ದಿನಾ ಅವೇ ಹದಿನಾಲ್ಕು ನಿಲ್ದಾಣ.
ಗೊತ್ತಿಲ್ಲದ ದಾರಿಯೊಂದನ್ನು
ಇನ್ನಾದರೂ ಯಾರಾದರೂ ಹೇಳಬೇಕು, ತಪ್ಪಾದರೂ ಸರಿ.

ಬಂತು ರೇಡಿಯೋ, ಹಲ್ಲು ಬಂದ ಹಾಗೆ, ಬೇರಿನ ಸಮೇತ.
ಒಸಡಿನೊಳಗೆ ಮರಳು, ಒಂದು ಸಕ್ಕರೆ ಪೊಟ್ಟಣ,
ಗಂಟುಗಂಟಾದ ತಂತಿ,
ಅದಕ್ಕೆ ಸುತ್ತಿದ ಕಾಗದದ ಪಟ್ಟಿ,
ಪಟ್ಟಿಯ ಮೇಲೆ ಡಚ್ಚನ ಕೈಬರಹ: ಮುಟ್ಟಬೇಡ.
ಯಾರಿಗೆ ಬರೆದನೋ. ತನಗೇ ಇರಬೇಕು.
ಮುಟ್ಟಿದೆ. ಹಾಸಿಗೆಯ ದೀಪ ಆರಿತು.
ಬಿಟ್ಟೆ. ಹತ್ತಿತು.
ದೊಡ್ಡವರ ಮಾತೆಂದು
ಇನ್ನೊಂದು ಸುತ್ತು ಟೇಪು ಹಾಕಿದೆ.

ಹಳದಿ ತಂತಿಗೆ ಸದಾ ಜೀವ, ಕೆಂಪಿಗೆ
ಕೀಲಿ ತಿರುಗಿದಾಗ ಮಾತ್ರ
ಅನ್ನುತ್ತದೆ ಪುಸ್ತಿಕೆ. ಪಾಪ,
ಅದು ಈ ವ್ಯಾನನ್ನು ನೋಡಿಲ್ಲ.
ಜೋಡಿಸಿದೆವು. ತೆರೆ ಬೆಳಗಿತು. ಮೊಮ್ಮೆ ಕುಣಿದ.
ಭಾಷೆ ಕೇಳಿತು, ಕೊಟ್ಟೆ. ಗಂಟೆ ಕೇಳಿತು, ಕೊಟ್ಟೆ.
ವ್ಯಾನಿನ ಎತ್ತರ ಕೇಳಿತು,
ಅಳತೆಪಟ್ಟಿ ಕಚ್ಚಿಕೊಂಡು ಮೊಮ್ಮೆ ಮಾಡು ಹತ್ತಿದ:
ಎರಡು ಮೀಟರ್ ಅರವತ್ತೆರಡು,
ಗಾಳಿಕಿಂಡಿಯ ಮುಚ್ಚಳ ಸೇರಿ.
ಕೀಲಿ ತೆಗೆದು ಮತ್ತೆ ಹಾಕಿದೆ.
ಭಾಷೆ ಕೇಳಿತು. ಗಂಟೆ ಕೇಳಿತು. ಎತ್ತರ ಕೇಳಿತು.
ಮೂರನೆಯ ಸಲವೂ ಹೊಸಬರನ್ನು ಕಂಡಂತೆ ಸ್ವಾಗತ.
ಮೊಮ್ಮೆಯ ಮುಖ ಸಪ್ಪಗಾಯಿತು,
ಅಜ್ಜನನ್ನು ನೆನೆದನೋ ಏನೋ.
ಆ ಹೋಲಿಕೆ ಬೇಡ, ಇದು ಬರೀ ತಂತಿ.
ಈ ಕಂಪನಿಯ ಹಳೆ ಗಾಡಿಗಳಲ್ಲಿ ಅವೆರಡೂ ಅದಲುಬದಲು.
ಹಳದಿಗೆ ಕೆಂಪು, ಕೆಂಪಿಗೆ ಹಳದಿ ಕೊಟ್ಟೆ.
ಕೀಲಿ ತೆಗೆದೆ, ಹಾಕಿದೆ. ನೆನಪಿತ್ತು.
ಅವನು ಮಾತ್ರ ಇನ್ನೂ ನಾಲ್ಕು ಸಲ
ತೆಗೆದು ಹಾಕಿ, ತೆಗೆದು ಹಾಕಿ ನೋಡಿದ.
ನಾನು ಸಾಕು ಅನ್ನಲಿಲ್ಲ.

ನಕ್ಷೆ ಮೊದಲು ನಮ್ಮನ್ನು
ಚೀನಾದ ಯಾವುದೋ ಪೇಟೆಯಲ್ಲಿ ನಿಲ್ಲಿಸಿತು,
ಅದು ಹುಟ್ಟಿದೂರು ಇರಬೇಕು.
ಆಮೇಲೆ ಆಕಾಶವನ್ನೆಲ್ಲ ತಡಕಾಡಿ
ಒಂದೇ ನೆಗೆತಕ್ಕೆ ಇಲ್ಲಿಗೆ;
ಇಲ್ಲಿಗೆ ಅಂದರೆ ಏರಿಯಾಚೆ, ಕೆಸರಿನ ನಡುವೆ
ಭರತದಲ್ಲಿ ಆಳುದ್ದ ನೀರಿರುವ ಕಡೆ
ಒಂದು ನೀಲಿ ಬಾಣ.

ನಾಲ್ಕು ಸ್ಕ್ರೂ. ಮೂರು ಕೂತವು.
ನಾಲ್ಕನೆಯದು ಬೆರಳು ಜಾರಿ ಟಣ್, ಟಿಣ್,
ಮತ್ತೆಲ್ಲೋ ಆಳದಲ್ಲಿ, ಸಣ್ಣಗೆ, ಟಿ.
ದಾರಕ್ಕೆ ಆಯಸ್ಕಾಂತ ಕಟ್ಟಿ ಇಳಿಬಿಟ್ಟೆವು.
ಸಿಕ್ಕಿದ್ದು ಡಚ್ಚನದೊಂದು ಸ್ಕ್ರೂ,
ತುಕ್ಕು ತಿಂದದ್ದು, ಇದಕ್ಕೆ ಕೂರದ್ದು.

ಸಂಜೆ, ಏರಿಯ ಗುಂಟ ಹೊರಟೆವು.
ಪೆಟ್ಟಿಗೆಯೊಳಗಿನ ಹೆಂಗಸು
ನಮ್ಮೂರ ಹೆಸರುಗಳನ್ನೆಲ್ಲ ಕಲ್ಲಿನಂತೆ ಜಗಿಯುತ್ತ
ಇನ್ನೂರು ಮೀಟರಿನಲ್ಲಿ ಎಡಕ್ಕೆ ಅಂದಳು.
ತಿರುಗಿದೆ.
ತಗಡಿನ ಹೊಟ್ಟೆಯೊಳಗೆ ಸ್ಕ್ರೂ
ಗರಗರ ಬಲಕ್ಕೆ ಹೊರಳಿತು.
ಬಲಕ್ಕೆ ತಿರುಗಿದೆ, ಎಡಕ್ಕೆ.
ಮೊಮ್ಮೆ ಕೈಚಾಚಿ
ಅವಳ ದನಿ ತಗ್ಗಿಸಿದ,
ಇದನ್ನು ಕೇಳಿಸಿಕೊಳ್ಳಲು.